ಗಣಕದ ಕೀಲಿಯೂ ಅರ್ಜಿಯ ಅರ್ಥವೂ

ಹಿಂದಿನ ತಲೆಮಾರು ಶಾನುಭೋಗರೆಂದೂ ಕುಲಕರ್ಣಿಯೆಂದೂ ಕರೆದ, ಆಮೇಲೆ ತಲಾಟಿ, ಗ್ರಾಮ ಲೆಕ್ಕಿಗ ಎಂದು ಹೆಸರು ಬದಲಿಸಿಕೊಂಡ ಹುದ್ದೆಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರಿದೆ. ಪಿ.ಯು.ಸಿ. ಅಂಕಗಳನ್ನು ನೋಡಿ ಜಿಲ್ಲಾ ಮಟ್ಟದಲ್ಲಿ ಆಯ್ಕೆ ಮಾಡುತ್ತಿದ್ದ ಕಾಲ ಹೋಯಿತು. 2024ರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು 1000 ಹುದ್ದೆಗಳಿಗಾಗಿ ಸ್ಪರ್ಧಾತ್ಮಕ ಪರೀಕ್ಷೆಯನ್ನೇ ನಡೆಸಿತು. ಅದರ ಎರಡನೆಯ ಪತ್ರಿಕೆಯ ರಚನೆಯನ್ನು ನಮ್ಮ ಮನೆಗಳ ಪಾಲಕರು ಒಮ್ಮೆ ಗಮನವಿಟ್ಟು ನೋಡಬೇಕು. ಸಾಮಾನ್ಯ ಕನ್ನಡಕ್ಕೆ 35 ಅಂಕ, ಸಾಮಾನ್ಯ ಇಂಗ್ಲಿಷಿಗೆ 35, ಕಂಪ್ಯೂಟರ್ ಜ್ಞಾನಕ್ಕೆ 30. ಒಟ್ಟು ನೂರು. ಕರ್ನಾಟಕ ಲೋಕಸೇವಾ ಆಯೋಗವು ‘ಸಿ’ ಗುಂಪಿನ ಹಲವು ಹುದ್ದೆಗಳಿಗೆ ನಡೆಸುವ ಸಂವಹನ ಪತ್ರಿಕೆಯೂ ಇದೇ ಅಚ್ಚಿನದು. ತಪ್ಪು ಉತ್ತರವೊಂದಕ್ಕೆ ಕಾಲು ಅಂಕ ಕಳೆಯುತ್ತಾರೆ.

ಇದಲ್ಲದೆ ಕಡ್ಡಾಯ ಕನ್ನಡ ಭಾಷಾ ಪರೀಕ್ಷೆಯೊಂದಿದೆ. 150 ಅಂಕಗಳ ಈ ಪತ್ರಿಕೆಯಲ್ಲಿ ಕನಿಷ್ಠ 50 ಅಂಕ ಬಾರದಿದ್ದರೆ ಅಭ್ಯರ್ಥಿಯ ಉಳಿದ ಪತ್ರಿಕೆಗಳನ್ನು ಪರಿಗಣಿಸುವುದೇ ಇಲ್ಲ. ಬಂದ ಅಂಕಗಳು ಆಯ್ಕೆಯ ಲೆಕ್ಕಕ್ಕೆ ಸೇರುವುದಿಲ್ಲ. ಇದು ಹೊಸ್ತಿಲು ಮಾತ್ರ. ಮಟ್ಟವೋ ಎಸ್.ಎಸ್.ಎಲ್.ಸಿ.ಯದು.

ಒಂದೇ ಮನೆಯ ಇಬ್ಬರು ಮಕ್ಕಳನ್ನು ಇಲ್ಲಿ ಕಲ್ಪಿಸಿಕೊಳ್ಳೋಣ. ಅಣ್ಣ ಊರಿನ ಕನ್ನಡ ಶಾಲೆಯಲ್ಲಿ ಓದಿದವನು. ತಂಗಿಯನ್ನು ತಾಲ್ಲೂಕು ಕೇಂದ್ರದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಕಳುಹಿಸಿದ್ದಾರೆ. ಕಂಪ್ಯೂಟರ್ ಎಂದರೆ ಅವನಿಗೆ ಎದೆ ಡವಗುಟ್ಟುತ್ತದೆ. ಅವಳು ಯಂತ್ರದ ಮುಂದೆ ನಿರಾತಂಕವಾಗಿ ಕೂಡುತ್ತಾಳೆ, ಆದರೆ ಅರ್ಧ ಪುಟದ ಕನ್ನಡ ಗದ್ಯವನ್ನು ಓದಿ ಅದರ ಸಾರವನ್ನು ತನ್ನ ಮಾತಿನಲ್ಲಿ ಹೇಳೆಂದರೆ ತಡವರಿಸುತ್ತಾಳೆ. ಪಾಲಕರ ಆತಂಕವೆಲ್ಲ ಅಣ್ಣನ ಮೇಲೆ. ಅವನಿಗೆಂದು ತರಬೇತಿ ಕೇಂದ್ರ, ಶುಲ್ಕ, ಪ್ರಮಾಣಪತ್ರ. ತಂಗಿಯ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಮನೆಯಲ್ಲಿ ಆಕೆ ಕನ್ನಡವನ್ನೇ ಮಾತನಾಡುತ್ತಾಳೆ. ಮಾತನಾಡುವ ಕನ್ನಡವೇ ಬೇರೆ, ಕಚೇರಿಯ ಕನ್ನಡವೇ ಬೇರೆ. ಹೊಸ್ತಿಲಲ್ಲಿ ಎಡವುವವಳು ಬಹುಶಃ ಆಕೆಯೇ.

ಪರೀಕ್ಷೆಯಲ್ಲಿ ಭಾಷೆ ಮತ್ತು ಗಣಕಗಳನ್ನು ಜೊತೆಗೂಡಿಸಿದ್ದು ಏಕೆಂಬುದು ಕಚೇರಿಯ ಕೆಲಸವನ್ನು ಬಲ್ಲವರಿಗೆ ತಿಳಿದೇ ಇದೆ. ಪಹಣಿಯು ‘ಭೂಮಿ’ ಯೋಜನೆಯ ಮೂಲಕ ಗಣಕಕ್ಕೆ ಸೇರಿ ಎರಡು ದಶಕಗಳು ಕಳೆದಿವೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಅರ್ಜಿಗಳು ನಾಡಕಚೇರಿಯ ಗಣಕದ ಮೂಲಕವೇ ಸಾಗುತ್ತವೆ. ತಂದೆ ತೀರಿಕೊಂಡ ಮೇಲೆ ಮಗನೊಬ್ಬ ಪೌತಿ ಖಾತೆಗಾಗಿ ಬರುತ್ತಾನೆ. ಅರ್ಜಿಯಲ್ಲಿ ‘ವಿಭಾಗ’ ಎಂದಿದೆಯೋ ‘ಪೋಡಿ’ ಎಂದಿದೆಯೋ, ಯಾರದಾದರೂ ‘ತಕರಾರು’ ಇದೆಯೋ ಎಂಬುದನ್ನು ಓದಿ ತಿಳಿಯುವ ಶಕ್ತಿ ಅಧಿಕಾರಿಗೆ ಬೇಕು. ತಿಳಿದದ್ದನ್ನು ತಪ್ಪಿಲ್ಲದೆ ನಮೂದಿಸುವ ಬೆರಳೂ ಬೇಕು. ‘ಲಿಂಗಪ್ಪ’ನೆಂಬಲ್ಲಿ ‘ನಿಂಗಪ್ಪ’ನೆಂದು ಬಿದ್ದರೆ ಆ ಒಂದಕ್ಷರವನ್ನು ಸರಿಪಡಿಸಲು ರೈತನು ಎಷ್ಟು ಬಾರಿ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಬೇಕೆಂಬುದನ್ನು ಹತ್ತಿದವರೇ ಬಲ್ಲರು. ಬ್ಯಾಂಕಿನ ಸಾಲ, ಬೆಳೆ ಪರಿಹಾರ, ಎಲ್ಲವೂ ಆ ಹೆಸರಿಗೆ ಕಾಯುತ್ತ ನಿಲ್ಲುತ್ತವೆ. ಇಂಥ ಹುದ್ದೆಗೆ ಬರುವವನ ಓದನ್ನೂ ಬೆರಳನ್ನೂ ಪರೀಕ್ಷಿಸುವುದು ನ್ಯಾಯವೇ ಸರಿ. ಅರ್ಜಿದಾರನ ಸಾಲಿನಲ್ಲಿ ನಿಲ್ಲುವವರೂ ನಾವೇ ಅಲ್ಲವೇ?

ಗ್ರಹಿಕೆಯೆಂದರೆ ಏನೆಂಬುದಕ್ಕೆ ನಾವೇ ರಚಿಸಿದ ಒಂದು ಸಣ್ಣ ಉದಾಹರಣೆಯನ್ನು ಇಲ್ಲಿ ಕೊಡುತ್ತೇವೆ. “ಅರ್ಜಿದಾರರು ಈ ಪ್ರಕಟಣೆಯ ದಿನದಿಂದ 15 ದಿನಗಳೊಳಗಾಗಿ ಅರ್ಜಿ ಸಲ್ಲಿಸತಕ್ಕದ್ದು, ಪರಂತು ವಿಧವೆಯರ ವಿಷಯದಲ್ಲಿ ಸದರಿ ಅವಧಿಯು 30 ದಿನಗಳಾಗಿರತಕ್ಕದ್ದು. ಸೂಕ್ತ ಕಾರಣವನ್ನು ನಮೂದಿಸಿದ ಹೊರತು ಅವಧಿ ಮೀರಿದ ಅರ್ಜಿಗಳನ್ನು ಪರಿಗಣಿಸಲಾಗದು.” ಇಷ್ಟನ್ನು ಓದಿಸಿ, ಇಪ್ಪತ್ತನೆಯ ದಿನ ಬಂದ ವಿಧವೆಯೊಬ್ಬಳ ಅರ್ಜಿಯನ್ನು ತಿರಸ್ಕರಿಸಬಹುದೇ ಎಂದು ಮಕ್ಕಳನ್ನು ಕೇಳಿರಿ. ಮೊದಲು ಕಂಡ 15 ಎಂಬ ಅಂಕೆಯನ್ನೇ ಹಿಡಿದವನು ತಿರಸ್ಕರಿಸುತ್ತಾನೆ. ‘ಪರಂತು’ ಎಂಬಲ್ಲಿ ನಿಂತವನು ಸ್ವೀಕರಿಸುತ್ತಾನೆ. ಬಳಿಕ, ನಲವತ್ತನೆಯ ದಿನ ಬಂದ ಅರ್ಜಿಯ ಗತಿಯೇನೆಂದು ಕೇಳಿರಿ. ‘ಹೊರತು’ ಎಂಬ ಪದದ ಅರ್ಥ ಆಗ ಹೊರಬೀಳುತ್ತದೆ. ಸದರಿ, ಮೇಲ್ಕಂಡ, ಆದಾಗ್ಯೂ, ತತ್ಸಂಬಂಧ ಎಂಬ ಪದಗಳು ಪಠ್ಯಪುಸ್ತಕದ ಕಥೆ ಪದ್ಯಗಳಲ್ಲಿ ವಿರಳ. ಆಡಳಿತದ ಕನ್ನಡ ಇಷ್ಟು ಬಿಗಿಯಾಗಿರಬೇಕೇ ಎಂದು ಕೇಳುವವರಿದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ. ಆದರೆ ಅದು ಸಡಿಲವಾಗುವ ತನಕ ನಮ್ಮ ಮಕ್ಕಳು ಕಾಯುವಂತಿಲ್ಲ.

ಇನ್ನು ಗಣಕಯಂತ್ರದ ವಿಷಯ. ಕೈಯಲ್ಲಿ ಮೊಬೈಲ್ ಹಿಡಿದು ಹುಟ್ಟಿದಂತಿರುವ ಈಗಿನ ಮಕ್ಕಳಿಗೆ ಕಂಪ್ಯೂಟರ್ ಕಲಿಸುವುದೇನಿದೆ ಎಂಬ ಭ್ರಮೆ ವ್ಯಾಪಕವಾಗಿದೆ. ಒಂದು ಪತ್ರವನ್ನು ಬೆರಳಚ್ಚು ಮಾಡಿ, ಹೆಸರಿಟ್ಟು ಉಳಿಸಿ, ಯಂತ್ರವನ್ನು ಆರಿಸಿ, ಮರುದಿನ ಅದನ್ನು ಹುಡುಕಿ ತೆಗೆಯಲು ಹೇಳಿರಿ. ಮೊಬೈಲಿನಲ್ಲಿ ಚುರುಕಾದ ಹುಡುಗರು ಅನೇಕರು ಇಲ್ಲಿಯೇ ನಿಂತುಬಿಡುತ್ತಾರೆ, ಏಕೆಂದರೆ ಕಡತವು ಎಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಮೊಬೈಲ್ ಅವರಿಗೆ ಕೇಳಿದ್ದೇ ಇಲ್ಲ. ಲೆಕ್ಕದ ಹಾಳೆಯಲ್ಲಿ ಹತ್ತು ಮೊತ್ತಗಳನ್ನು ಕೂಡಿಸಲು ಹೇಳಿದರೆ ಪ್ರತಿ ಮನೆಯಲ್ಲೂ ‘500 ರೂಪಾಯಿ’ ಎಂದು ಅಕ್ಷರ ಸೇರಿಸಿ ಬರೆಯುತ್ತಾರೆ. ಯಂತ್ರವು ಅದನ್ನು ಅಂಕೆಯೆಂದು ಎಣಿಸದೆ ಬರಹವೆಂದು ಬಗೆದು ಬಿಟ್ಟುಬಿಡುತ್ತದೆ. ಕೂಡಿದ ಫಲ ಸೊನ್ನೆ! ಇಂಥವನ್ನು ಪುಸ್ತಕ ಓದಿ ಕಲಿಯಲಾಗದು.

ಕನ್ನಡ ಬೆರಳಚ್ಚಿಗೆ ಸ್ವಲ್ಪ ಹೆಚ್ಚು ದಿನ ಕೊಡಬೇಕು. ಸರ್ಕಾರಿ ಕಚೇರಿಗಳಲ್ಲಿ ಬಳಕೆಯಾದ ‘ನುಡಿ’ ತಂತ್ರಾಂಶವು ಕನ್ನಡ ಗಣಕ ಪರಿಷತ್ತಿನದು. ಅದರ ಕೀಲಿಮಣೆಗೆ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ಆಧಾರ. ಉಚ್ಚಾರಣೆಗೆ ಹೊಂದುವ ಇಂಗ್ಲಿಷ್ ಕೀಲಿಯೇ ಬಹುಮಟ್ಟಿಗೆ ಕನ್ನಡ ಅಕ್ಷರವನ್ನು ಕೊಡುವುದರಿಂದ ಹದಿನೈದು ದಿನಗಳಲ್ಲಿ ಕೈ ಕೂಡುತ್ತದೆ. ಒತ್ತಕ್ಷರದಲ್ಲಿ ಮಾತ್ರ ಹೊಸಬರು ಮುಗ್ಗರಿಸುತ್ತಾರೆ: ಎರಡು ವ್ಯಂಜನಗಳ ನಡುವೆ ಎಫ್ ಕೀಲಿಯನ್ನು ಒತ್ತಬೇಕು. ‘ಅಕ್ಕ’ ಎಂದು ಬರೆಯುವಾಗ ಎಫ್ ಮರೆತರೆ ‘ಅಕಕ’ ಆಗುತ್ತದೆ. ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದ ಕಡತವನ್ನು ಯುನಿಕೋಡಿಗೆ ಪರಿವರ್ತಿಸದೆ ಬೇರೊಂದು ಯಂತ್ರಕ್ಕೆ ಕಳುಹಿಸಿದರೆ ಅಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಕಾಣಿಸುವುದೂ ಉಂಟು. ಈ ಪರಿವರ್ತನೆಯನ್ನು ಮಾಡಬಲ್ಲವನು ಯಾವ ಕಚೇರಿಯಲ್ಲೂ ಬೇಕಾದವನು.

ಕೆಲಸ ಸಿಕ್ಕಮೇಲೆ ಎಲ್ಲ ಮುಗಿಯಿತೆಂದೂ ಇಲ್ಲ. ಕರ್ನಾಟಕ ಸಿವಿಲ್ ಸೇವಾ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮಗಳು 2012ರಲ್ಲಿ ಬಂದವು. ಅವುಗಳಿಗೆ ಒಳಪಟ್ಟ ನೌಕರರು ಗಣಕದ ಮುಂದೆಯೇ ಕುಳಿತು ಆ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಇಲ್ಲದಿದ್ದರೆ ವೇತನ ಬಡ್ತಿಗೂ ಪದೋನ್ನತಿಗೂ ತಡೆ. ಐವತ್ತರ ಸಮೀಪದ ಗುಮಾಸ್ತರು ಮಗಳ ಪಕ್ಕದಲ್ಲಿ ಕುಳಿತು ಅಕ್ಷರ ಹುಡುಕುತ್ತ ಕಲಿತ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಮಕ್ಕಳೆದುರು ಕಲಿಯಲು ನಾಚಬೇಕಾದ್ದಿಲ್ಲ.

ನಮ್ಮ ಅಭಿಪ್ರಾಯದಲ್ಲಿ ನೇಮಕಾತಿಯ ಪತ್ರಿಕೆಯಲ್ಲಿರುವ 30 ಅಂಕಗಳ ಗಣಕ ಭಾಗವು ಅರ್ಧ ಪರೀಕ್ಷೆಯೇ. ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ಕ್ರಮದಲ್ಲಿ, ಯಾವ ಕೀಲಿಗಳನ್ನು ಒತ್ತಿದರೆ ನಕಲಾಗುತ್ತದೆಂಬುದನ್ನು ಉರು ಹೊಡೆದವನು, ಯಂತ್ರವನ್ನೇ ಮುಟ್ಟದವನಾದರೂ ಅಂಕ ಪಡೆಯಬಲ್ಲ. ಭಾಷೆಯ ಭಾಗದಲ್ಲಿ ಈ ಉರು ಹೆಚ್ಚು ದೂರ ನಡೆಯದು. ಲಕ್ಷಾಂತರ ಅಭ್ಯರ್ಥಿಗಳನ್ನು ಯಂತ್ರದ ಮುಂದೆ ಕೂರಿಸುವುದು ಕಷ್ಟವೆಂಬುದನ್ನು ಒಪ್ಪೋಣ. ಮೊದಲ ಸುತ್ತಿನಲ್ಲಿ ಉಳಿದವರನ್ನಾದರೂ ಹತ್ತು ನಿಮಿಷ ಕೂರಿಸಿ ಒಂದು ಅರ್ಜಿಯನ್ನು ಓದಿಸಿ, ನಮೂದಿಸಲು ಹೇಳಬಹುದಾಗಿತ್ತು.

ಬ್ಯಾಂಕಿನ ಕೆಲಸಕ್ಕೆ ಸಿದ್ಧರಾಗುವವರಿಗೂ ಒಂದು ಮಾತು. ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತ ಹುದ್ದೆಗಳ ಪ್ರಾಥಮಿಕ ಮತ್ತು ಮುಖ್ಯ ಪರೀಕ್ಷೆಗಳನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು ಕೇಂದ್ರ ಹಣಕಾಸು ಸಚಿವಾಲಯವು 2021ರಲ್ಲಿ ಶಿಫಾರಸು ಮಾಡಿತು. ಕನ್ನಡದಲ್ಲಿ ಓದಿದವರು ಆ ಬಾಗಿಲನ್ನು ಮರೆಯದಿರಲಿ.

ಮನೆಯಲ್ಲಿ ಮಾಡಬಹುದಾದ ಅಭ್ಯಾಸಕ್ಕೆ ಹೆಚ್ಚಿನ ವೆಚ್ಚವಿಲ್ಲ. ದಿನಪತ್ರಿಕೆಯ ಸರ್ಕಾರಿ ಪ್ರಕಟಣೆಯೊಂದನ್ನು ಕತ್ತರಿಸಿಡಿ. ಮಗನೋ ಮಗಳೋ ಅದನ್ನು ಗಟ್ಟಿಯಾಗಿ ಓದಲಿ, ಕಾಗದವನ್ನು ಮಗುಚಿಟ್ಟು ಯಾರು, ಏನನ್ನು, ಯಾವಾಗಿನೊಳಗೆ ಮಾಡಬೇಕೆಂದು ಅಜ್ಜಿಗೆ ಅರ್ಥವಾಗುವಂತೆ ಹೇಳಲಿ. ಅಜ್ಜಿಗೆ ತಿಳಿಯದಿದ್ದರೆ ಓದಿದವರಿಗೂ ತಿಳಿದಿಲ್ಲವೆಂದೇ ಲೆಕ್ಕ. ಆಮೇಲೆ ಆ ಸಾರವನ್ನು ಐದು ಸಾಲಿನಲ್ಲಿ ಬೆರಳಚ್ಚು ಮಾಡಿ, ದಿನಾಂಕದ ಹೆಸರಿನಲ್ಲಿ ಉಳಿಸಲಿ. ವಾರಕ್ಕೆ ಮೂರು ದಿನ ಹೀಗೆ ನಡೆದರೆ ಸಾಕು. ಮನೆಯಲ್ಲಿ ಯಂತ್ರವಿಲ್ಲದವರು ಊರಿನ ಶಾಲೆಯಲ್ಲೋ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲೋ ಇದೆಯೇ ಎಂದು ವಿಚಾರಿಸಬಹುದು.

ತರಬೇತಿ ಕೇಂದ್ರಕ್ಕೇ ಸೇರಿಸುವುದಾದರೆ ಶುಲ್ಕ ಕಟ್ಟುವ ಮೊದಲು ಪಾಲಕರು ಒಳಗೆ ಹೋಗಿ ನೋಡಲಿ. ಒಬ್ಬ ವಿದ್ಯಾರ್ಥಿಗೆ ಒಂದು ಯಂತ್ರವೋ, ಮೂವರಿಗೆ ಒಂದೋ? ನುಡಿಯನ್ನು ಕಲಿಸುತ್ತಾರೆಯೋ ಇಲ್ಲವೋ? ದಿನಕ್ಕೆ ಎಷ್ಟು ಹೊತ್ತು ಕೈ ಕೀಲಿಯ ಮೇಲಿರುತ್ತದೆ? ಪ್ರಮಾಣಪತ್ರದ ಮಾದರಿಯನ್ನು ಅವರು ತಾವಾಗಿಯೇ ತೋರಿಸುತ್ತಾರೆ. ಅದನ್ನು ಬದಿಗಿಟ್ಟು, ಹಿಂದಿನ ತಂಡದ ಹುಡುಗನೊಬ್ಬ ಬೆರಳಚ್ಚು ಮಾಡಿದ ಒಂದು ಪುಟವನ್ನು ಕೇಳಿ ಪಡೆದು ಓದಿರಿ.