ಕೇಂದ್ರ ಕಾನೂನು ಮತ್ತು ನ್ಯಾಯ ಸಚಿವಾಲಯ: ಇತಿಹಾಸ, ಪಾತ್ರ ಹಾಗೂ ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಪೀಠಿಕೆ

ಜಮೀನು ವ್ಯಾಜ್ಯ, ಜೀವನಾಂಶ, ಅಪಘಾತ ಪರಿಹಾರ ಮುಂತಾದ ವಿಷಯಗಳಲ್ಲಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದ ನಾಗರಿಕರು ಕೊನೆಗೆ ನವದೆಹಲಿಯ ಸಚಿವಾಲಯಕ್ಕೆ ಮನವಿ ಬರೆಯುವುದುಂಟು. ಹೆಸರಿನಲ್ಲಿಯೇ 'ನ್ಯಾಯ' ಎಂಬ ಪದವಿರುವುದರಿಂದ ಅಲ್ಲಿ ಪರಿಹಾರ ದೊರೆಯಬಹುದೆಂಬ ನಿರೀಕ್ಷೆ ಸಹಜವಾದುದು. ಆದರೆ ಸದರಿ ಸಚಿವಾಲಯಕ್ಕೆ ಪ್ರಕರಣವನ್ನು ವಿಚಾರಣೆ ಮಾಡುವ, ತೀರ್ಪನ್ನು ಬದಲಿಸುವ ಅಥವಾ ನ್ಯಾಯಾಧೀಶರಿಗೆ ಸೂಚನೆ ನೀಡುವ ಅಧಿಕಾರವಿರುವುದಿಲ್ಲ. ಈ ಮಿತಿ ಏಕೆ ಇದೆ, ಮತ್ತು ಸಚಿವಾಲಯದ ಕಾರ್ಯವು ಗ್ರಾಮದ ನಾಗರಿಕರನ್ನು ಯಾವ ಮಾರ್ಗದಲ್ಲಿ ತಲುಪುತ್ತದೆ ಎಂಬುದನ್ನು ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನ ನೀಲಗುಂದ ಗ್ರಾಮದ ಉದಾಹರಣೆಯೊಂದಿಗೆ ಇಲ್ಲಿ ವಿವರಿಸಲಾಗಿದೆ.

ಇತಿಹಾಸ

1833ರ ಸನ್ನದು ಕಾಯ್ದೆಯನ್ವಯ ಗವರ್ನರ್ ಜನರಲ್ ಅವರ ಮಂಡಳಿಗೆ ಕಾನೂನು ಸದಸ್ಯರೊಬ್ಬರನ್ನು ಸೇರಿಸಲಾಯಿತು. 1834ರಲ್ಲಿ ಥಾಮಸ್ ಮೆಕಾಲೆ ಆ ಸ್ಥಾನಕ್ಕೆ ಬಂದ ಮೊದಲಿಗರು. 1869ರಲ್ಲಿ ಶಾಸನ ರಚನೆಗೆ ಪ್ರತ್ಯೇಕ ಇಲಾಖೆ ಏರ್ಪಟ್ಟಿತು. 1947ರಲ್ಲಿ ಸ್ವತಂತ್ರ ಭಾರತದ ಪ್ರಥಮ ಕಾನೂನು ಸಚಿವರಾದ ಡಾ. ಬಿ.ಆರ್. ಅಂಬೇಡ್ಕರ್ ಅವರು 1951ರಲ್ಲಿ ರಾಜೀನಾಮೆ ನೀಡಿದರು. ಹಿಂದೂ ಸಂಹಿತೆ ಮಸೂದೆ ಅಂಗೀಕಾರವಾಗದೆ ಉಳಿದದ್ದು ಅದಕ್ಕೆ ಪ್ರಮುಖ ಕಾರಣಗಳಲ್ಲೊಂದು.

ನ್ಯಾಯ ಇಲಾಖೆಯು 2009ರ ಡಿಸೆಂಬರ್ 31ರವರೆಗೆ ಗೃಹ ಸಚಿವಾಲಯದ ಭಾಗವಾಗಿತ್ತು. ಅಂದರೆ ಕೇಂದ್ರ ಪೊಲೀಸ್ ಪಡೆಗಳ ಆಡಳಿತ ನೋಡುವ ಸಚಿವಾಲಯದಲ್ಲಿಯೇ ಉನ್ನತ ನ್ಯಾಯಮೂರ್ತಿಗಳ ನೇಮಕಾತಿಯ ಕಡತಗಳೂ ಇರುತ್ತಿದ್ದವು. ಈಗ ಕಾನೂನು ಮತ್ತು ನ್ಯಾಯ ಸಚಿವಾಲಯದಲ್ಲಿ ಮೂರು ಇಲಾಖೆಗಳಿವೆ. ಕಾನೂನು ವ್ಯವಹಾರಗಳ ಇಲಾಖೆಯು ಕೇಂದ್ರ ಸರ್ಕಾರಕ್ಕೆ ಕಾನೂನು ಸಲಹೆ ನೀಡುತ್ತದೆ. ಶಾಸನ ಇಲಾಖೆಯು ಮಸೂದೆಗಳ ಕರಡನ್ನು ಸಿದ್ಧಪಡಿಸುತ್ತದೆ. ನ್ಯಾಯಮೂರ್ತಿಗಳ ನೇಮಕಾತಿ, ನ್ಯಾಯಾಲಯಗಳ ಸೌಕರ್ಯ ಮತ್ತು ಕಾನೂನು ನೆರವು ನ್ಯಾಯ ಇಲಾಖೆಗೆ ಸೇರಿವೆ. ಅಪರಾಧ ಕಾನೂನಿನ ವಿಷಯವು ಇಂದಿಗೂ ಗೃಹ ಸಚಿವಾಲಯದಲ್ಲಿಯೇ ಇದ್ದು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಮಸೂದೆಯನ್ನು ಮಂಡಿಸಿದ್ದು ಆ ಸಚಿವಾಲಯವೇ.

ಅಧಿಕಾರದ ಮಿತಿ

ಸಂವಿಧಾನದ 50ನೇ ಅನುಚ್ಛೇದವು ನ್ಯಾಯಾಂಗವನ್ನು ಕಾರ್ಯಾಂಗದಿಂದ ಪ್ರತ್ಯೇಕಿಸಲು ನಿರ್ದೇಶಿಸುತ್ತದೆ. 235ನೇ ಅನುಚ್ಛೇದದಂತೆ ಜಿಲ್ಲಾ ಹಾಗೂ ಅಧೀನ ನ್ಯಾಯಾಲಯಗಳ ಮೇಲಿನ ನಿಯಂತ್ರಣ ಉಚ್ಚ ನ್ಯಾಯಾಲಯದ್ದಾಗಿದೆ. ನ್ಯಾಯಮೂರ್ತಿಗಳ ಆಯ್ಕೆಯಲ್ಲಿ ಕಾನೂನು ಸಚಿವರಿಗೂ ಸ್ಥಾನ ನೀಡಿದ್ದ 2014ರ 99ನೇ ಸಂವಿಧಾನ ತಿದ್ದುಪಡಿಯನ್ನು ಸರ್ವೋಚ್ಚ ನ್ಯಾಯಾಲಯವು 2015ರ ಅಕ್ಟೋಬರ್ 16ರಂದು ರದ್ದುಪಡಿಸಿತು. ಸರ್ಕಾರವು ಸ್ವತಃ ಅನೇಕ ದಾವೆಗಳಲ್ಲಿ ಪಕ್ಷಕಾರನಾಗಿರುವುದರಿಂದ, ಈ ಅಂತರವು ಸರ್ಕಾರದ ವಿರುದ್ಧ ದಾವೆ ಹೂಡುವ ಸಾಮಾನ್ಯ ರೈತನಿಗೂ ರಕ್ಷಣೆಯಾಗಿದೆ.

ನೀಲಗುಂದದ ದೃಷ್ಟಿಯಿಂದ

ಸಚಿವಾಲಯವು ತೀರ್ಪು ನೀಡದಿದ್ದರೂ, ನಾಗರಿಕನು ಯಾವ ನ್ಯಾಯಾಲಯಕ್ಕೆ ಹೋಗಬೇಕೆಂಬುದನ್ನು ನಿರ್ಧರಿಸುವ ಕಾಯ್ದೆ ಮತ್ತು ಆದೇಶಗಳೊಂದಿಗೆ ಅದರ ಕಾರ್ಯ ಹೆಣೆದುಕೊಂಡಿದೆ. ನೀಲಗುಂದವನ್ನೊಳಗೊಂಡ ಬಳ್ಳಾರಿ ಸೀಮೆಯು 1953ರವರೆಗೆ ಮದ್ರಾಸ್ ಉಚ್ಚ ನ್ಯಾಯಾಲಯದ ವ್ಯಾಪ್ತಿಯಲ್ಲಿತ್ತು. ಸಂಸತ್ತು ಅಂಗೀಕರಿಸಿದ ಆಂಧ್ರ ರಾಜ್ಯ ಕಾಯ್ದೆ, 1953ರ ಪರಿಣಾಮವಾಗಿ ಆ ವರ್ಷದ ಅಕ್ಟೋಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಹರಪನಹಳ್ಳಿ ತಾಲ್ಲೂಕನ್ನು ಹೊಸದಾಗಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಸೇರಿಸಲಾಯಿತು.

2008ರಲ್ಲಿ ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಆರಂಭವಾಯಿತು. ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆ, 1956ರ ಅನ್ವಯ ರಾಷ್ಟ್ರಪತಿಯವರ ಆದೇಶದಂತೆ 2013ರಲ್ಲಿ ಅದು ಕಾಯಂ ಪೀಠವಾಯಿತು. ಬಳ್ಳಾರಿ ಜಿಲ್ಲೆಯು ಧಾರವಾಡ ಪೀಠಕ್ಕೆ ಸೇರಿದರೆ, ದಾವಣಗೆರೆ ಜಿಲ್ಲೆಯು ಬೆಂಗಳೂರಿನ ಪ್ರಧಾನ ಪೀಠದಲ್ಲಿ ಉಳಿಯಿತು. ನಂತರ ತಾಲ್ಲೂಕು ಬಳ್ಳಾರಿ ಜಿಲ್ಲೆಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಹೀಗೆ ಒಂದೇ ಸರ್ವೆ ನಂಬರಿನ ಜಮೀನಿಗೆ ಸಂಬಂಧಿಸಿದ ಹಳೆಯ ಮತ್ತು ಹೊಸ ಕಾಗದಪತ್ರಗಳಲ್ಲಿ ಬಳ್ಳಾರಿ, ದಾವಣಗೆರೆ, ವಿಜಯನಗರ ಎಂಬ ಮೂರು ಜಿಲ್ಲೆಗಳ ಹೆಸರು ಕಂಡುಬರಲು ಅವಕಾಶವಿದೆ.

ಇತ್ತೀಚಿನ ಬೆಳವಣಿಗೆಗಳು

2007ರಲ್ಲಿ ಆರಂಭವಾದ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ ಸಚಿವ ಸಂಪುಟವು 2023ರಲ್ಲಿ 7,210 ಕೋಟಿ ರೂಪಾಯಿಗಳ ಮಂಜೂರಾತಿ ನೀಡಿತು. ಪ್ರಕರಣದ ಮುಂದಿನ ದಿನಾಂಕವನ್ನು ತಿಳಿಯಲು ಹಿಂದೆ ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಾಗುತ್ತಿತ್ತು. ಈಗ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯಿಂದ ಮೊಬೈಲ್‌ನಲ್ಲಿಯೇ ಅದನ್ನು ಉಚಿತವಾಗಿ ನೋಡಬಹುದಾಗಿದೆ. ಆದರೆ ದಿನಾಂಕ ತಿಳಿಯುವುದು ಸುಲಭವಾದ ಮಾತ್ರಕ್ಕೆ ವ್ಯಾಜ್ಯ ಬೇಗ ಮುಗಿಯುವುದಿಲ್ಲ; ಅದಕ್ಕೆ ನ್ಯಾಯಾಧೀಶರು, ಸಿಬ್ಬಂದಿ ಮತ್ತು ಕಟ್ಟಡಗಳೂ ಅಗತ್ಯ. ಆದುದರಿಂದ ಯೋಜನೆಯ ಫಲವನ್ನು ಕೇವಲ ಗಣಕೀಕರಣದಿಂದ ಅಳೆಯಲಾಗದು.

ಅರ್ಜಿದಾರರ ಗಮನಕ್ಕೆ

1. ಸಚಿವಾಲಯಕ್ಕೆ ಮನವಿ ಕಳುಹಿಸಿದ ಮಾತ್ರಕ್ಕೆ ಕಾಲಮಿತಿ ನಿಲ್ಲುವುದಿಲ್ಲ. ಕಾಲಪರಿಮಿತಿ ಕಾಯ್ದೆ, 1963ರಂತೆ ಸಿವಿಲ್ ಡಿಕ್ರಿಯ ವಿರುದ್ಧ ಉಚ್ಚ ನ್ಯಾಯಾಲಯಕ್ಕೆ 90 ದಿನಗಳೊಳಗೆ, ಇತರ ನ್ಯಾಯಾಲಯಕ್ಕೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸತಕ್ಕದ್ದು. ದೆಹಲಿಯ ಉತ್ತರಕ್ಕಾಗಿ ಕಾದು ಈ ಅವಧಿ ಮೀರಿದಲ್ಲಿ ಮೇಲ್ಮನವಿಯ ಹಕ್ಕಿಗೇ ಕುತ್ತು ಬರಬಹುದು.

2. ವಕೀಲರ ಶುಲ್ಕ ಭರಿಸಲಾಗದವರು ತಾಲ್ಲೂಕು ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಂನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಹಾಗೂ ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಅರ್ಹರು. ಇತರರಿಗೆ ನಿಗದಿತ ಆದಾಯ ಮಿತಿ ಅನ್ವಯಿಸುತ್ತದೆ.

3. ಲೋಕ ಅದಾಲತ್‌ನಲ್ಲಿ ರಾಜಿಯಾದ ಪ್ರಕರಣದ ಅವಾರ್ಡಿಗೆ ಡಿಕ್ರಿಯ ಬಲವಿದ್ದು, ಅದರ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ. ಆದ್ದರಿಂದ ಷರತ್ತುಗಳನ್ನು ಓದಿಸಿ ಕೇಳಿ, ಅರ್ಥ ಮಾಡಿಕೊಂಡ ನಂತರವೇ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕತಕ್ಕದ್ದು.

4. ಹಳೆಯ ದಾಖಲೆಗಳಲ್ಲಿ ಹಿಂದಿನ ಜಿಲ್ಲೆಯ ಹೆಸರಿದ್ದಲ್ಲಿ, ಅರ್ಜಿಯಲ್ಲಿ ಹಳೆಯ ಮತ್ತು ಈಗಿನ ಜಿಲ್ಲೆಯ ಹೆಸರುಗಳೆರಡನ್ನೂ ನಮೂದಿಸುವುದು ಸೂಕ್ತ.

5. ಕಾನೂನು ನೆರವಿನ ಮಾಹಿತಿಗಾಗಿ ರಾಷ್ಟ್ರೀಯ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು.