ಕಲ್ಪನೆ ಎಂದರೆ ಸುಳ್ಳಲ್ಲ



"ಅದೆಲ್ಲ ಬರೀ ಕಲ್ಪನೆ, ಬಿಡು" ಎಂದು ದೊಡ್ಡವರು ಹೇಳುವುದನ್ನು ನಾವು ಕೇಳಿದ್ದೇವೆ. ಅವರ ಲೆಕ್ಕದಲ್ಲಿ ಕಲ್ಪನೆ ಅಂದರೆ ಸುಳ್ಳು, ಇಲ್ಲವೇ ಹಗಲುಗನಸು. ನನಗೆ ಹಾಗೆ ಅನಿಸುವುದಿಲ್ಲ. ಸುಳ್ಳು ಇದ್ದದ್ದನ್ನು ಮುಚ್ಚಿಡುತ್ತದೆ. ಕಲ್ಪನೆ ಕಣ್ಣಿಗೆ ಕಾಣದ್ದನ್ನು ತೋರಿಸುತ್ತದೆ. ಇವೆರಡೂ ಒಂದೇ ಹೇಗಾದೀತು?

ಛಾಂದೋಗ್ಯ ಉಪನಿಷತ್ತಿನಲ್ಲಿ ಶ್ವೇತಕೇತು ಎಂಬುವನ ಕತೆ ಇದೆ. ಅವನು 12ನೇ ವಯಸ್ಸಿಗೆ ಗುರುಗಳ ಹತ್ತಿರ ಹೋಗಿ, ಎಲ್ಲ ವೇದಗಳನ್ನೂ ಕಲಿತು, 24ನೇ ವಯಸ್ಸಿಗೆ ಮನೆಗೆ ಬಂದ. ಎಲ್ಲ ಗೊತ್ತು ಅಂತ ಜಂಬ ಬೇರೆ. ಅವನ ತಂದೆ ಉದ್ದಾಲಕ ಒಂದು ಆಲದ ಹಣ್ಣು ತರಿಸಿ ಒಡೆಸಿದ. ಒಳಗೆ ಸಣ್ಣ ಸಣ್ಣ ಬೀಜಗಳಿದ್ದವು. ಒಂದು ಬೀಜವನ್ನೂ ಒಡೆಸಿದ. ಅದರೊಳಗೆ ಏನೂ ಕಾಣಲಿಲ್ಲ. ಆ ಕಾಣದ್ದರಿಂದಲೇ ಇಷ್ಟು ದೊಡ್ಡ ಆಲದ ಮರ ನಿಂತಿದೆ ಎಂದು ತಂದೆ ತಿಳಿಸಿದ. ಬೀಜದೊಳಗೆ ಮರ ಕಾಣಬೇಕಾದರೆ ಕಣ್ಣೊಂದೇ ಸಾಲದು, ಬಾಯಿಪಾಠವೂ ಸಾಲದು. ಕಲ್ಪನೆ ಬೇಕು.

ಸಾಹಿತ್ಯದಲ್ಲೂ ಹಾಗೆಯೇ. ಮಂಥರೆ ಅಂದರೆ ಎಲ್ಲರಿಗೂ ಸಿಟ್ಟು. ಜಗಳ ಹಚ್ಚುವವರಿಗೆ ಅದೇ ಹೆಸರು ಇಡ್ತಾರೆ. ಆದರೆ ಕುವೆಂಪು ಅವರು 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಅವಳ ಮನಸ್ಸಿನೊಳಗೆ ಹೊಕ್ಕು ನೋಡಿದರು. ಭರತನ ಮೇಲಿನ ಮಮತೆಯೇ ಅವಳಿಂದ ಆ ಕೆಲಸ ಮಾಡಿಸಿತು ಎಂದು ತೋರಿಸಿದರು. ರಾಮ ಕಾಡಿಗೆ ಹೋಗುವುದು ತಪ್ಪಲಿಲ್ಲ. ಆದರೂ ಮಂಥರೆಯ ಮೇಲೆ ನಮಗೆ ಕನಿಕರ ಹುಟ್ಟುತ್ತದೆ. ಕನ್ನಡಕ್ಕೆ ಮೊದಲ ಜ್ಞಾನಪೀಠ ಪ್ರಶಸ್ತಿ, 1967ರದ್ದು, ಬಂದದ್ದು ಇದೇ ಕಾವ್ಯಕ್ಕೆ. ಬೇರೆಯವರ ನೋವನ್ನು ಊಹಿಸುವುದೂ ಕಲ್ಪನೆಯೇ. ಅಡ್ಡಹೆಸರು ಹಿಡಿದು ಕೂಗುವ ಮೊದಲು, ಕರೆಸಿಕೊಳ್ಳುವವರಿಗೆ ಹೇಗಾಗ್ತದೆ ಅಂತ ಒಂದು ಕ್ಷಣ ಯೋಚಿಸಿದರೆ ನಮ್ಮ ಬಾಯಿ ತಾನಾಗಿ ಮುಚ್ಚುತ್ತದೆ.

ಇನ್ನು ನಮ್ಮ ಕಡೆಯ ತಾಳಮದ್ದಳೆ ನೋಡಿ. ವೇಷವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟವರು ಕುಳಿತು ಮಾತಾಡ್ತಾರೆ. 'ಕೃಷ್ಣಸಂಧಾನ'ದ ದಿನ ಅವರಲ್ಲೇ ಒಬ್ಬರು ಕೃಷ್ಣ, ಇನ್ನೊಬ್ಬರು ಕೌರವ. ಕೌರವನ ಸಭೆ ಕಟ್ಟುವುದು ಕೇಳುವ ನಮ್ಮ ಮನಸ್ಸಿನಲ್ಲಿ. ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿ ಬರೆದದ್ದು. ಅದರ ಮೇಲೆ ಹೇಳುವ ಅರ್ಥ ಮಾತ್ರ ಅರ್ಥಧಾರಿಗಳ ಸ್ವಂತದ್ದು. ಪದ್ಯ ಒಂದೇ ಆದರೂ ಅರ್ಥ ದಿನಕ್ಕೊಂದು ಥರ.

ಶಾಲೆಯಲ್ಲೂ ಹೀಗೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಪಾಠ ಪುಸ್ತಕದ್ದು, ಅರ್ಥ ನಮ್ಮದು. ಮಗ್ಗಿ, ಕಾಗುಣಿತ ಬಾಯಿಪಾಠವೇ ಆಗಬೇಕು, ಒಪ್ಪಿದೆ. ಆದರೆ ಪ್ರಬಂಧ? 'ನಾನು ನೋಡಿದ ಜಾತ್ರೆ' ಎಂದು ಕೊಟ್ಟರೆ ತರಗತಿಯ ಎಲ್ಲರೂ ಗೈಡಿನಲ್ಲಿದ್ದ ಜಾತ್ರೆಯನ್ನೇ ಬರೆಯುತ್ತೇವೆ. ಗೈಡಿನ ಜಾತ್ರೆಯಲ್ಲಿ ಸರ್ಕಸ್ ಇದೆ, ಆನೆ ಇದೆ. ನಮ್ಮೂರ ಜಾತ್ರೆಗೆ ಸರ್ಕಸ್ ಬಂದದ್ದೇ ಇಲ್ಲ! ತೇರಿನ ಹಗ್ಗ ಎಳೆದು ಕೈ ಉರಿದದ್ದು, ಚುರುಮುರಿ ಅಂಗಡಿ ಎದುರು ನಿಂತು ಚಿಲ್ಲರೆ ಎಣಿಸಿದ್ದು ಯಾವ ಗೈಡಿನಲ್ಲೂ ಇಲ್ಲ. ವರ್ಷವಿಡೀ ಕತ್ತಲೆ ಕೊಟ್ಟಿಗೆಯಲ್ಲಿ ನಿಲ್ಲುವ ತೇರು ಅವತ್ತು ಏನು ಯೋಚಿಸಿರಬಹುದು ಎಂಬುದೂ ಇಲ್ಲ. ಹಾಗಾದರೆ ಸುಳ್ಳು ಯಾವುದು, ನೀವೇ ಹೇಳಿ.

ಸ್ವಂತವಾಗಿ ಬರೆದರೆ ಅಂಕ ಹೋಗ್ತದೆ ಎಂಬ ಹೆದರಿಕೆ ನಮಗೆಲ್ಲ ಇದೆ. ಅದಕ್ಕೆ ಗುರುಗಳಲ್ಲಿ ನನ್ನದೊಂದು ವಿನಂತಿ. ತಿಂಗಳಿಗೆ ಒಂದು ಪ್ರಬಂಧವನ್ನಾದರೂ ಗೈಡ್ ಮುಚ್ಚಿಟ್ಟು ಬರೆಸಿ. ಕಾಗುಣಿತ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ. ಆದರೆ ಗೈಡಿನಲ್ಲಿದ್ದಂತೆ ಇಲ್ಲ ಅಂತ ಅಂಕ ಕಡಿಮೆ ಮಾಡಬೇಡಿ. ಚೆನ್ನಾಗಿ ಬಂದದ್ದನ್ನು ಇದೇ ಗೋಡೆ ಪತ್ರಿಕೆಗೆ ಅಂಟಿಸೋಣ.

— ಏಳನೇ ತರಗತಿಯ ವಿದ್ಯಾರ್ಥಿನಿ