ಟರ್ಬೊ ಹೋಗಿದೆ ಅಂದರೆ ಕೂಡಲೇ ನಂಬಬೇಡಿ

ನಮ್ಮ ಮನೆಯ ಕಿಟಕಿ ದಂಡೆಯಲ್ಲಿ ಕಾರಿನ ಒಂದು ಟರ್ಬೊ ಕೂತಿದೆ. ಅದಕ್ಕೆ ಏನೂ ಆಗಿಲ್ಲ. ಅದನ್ನು ತೆಗೆದು ಬೇರೆ ಹಾಕಿಸಲಿಕ್ಕೆ ನಾನು ಕೊಟ್ಟದ್ದು 27 ಸಾವಿರ ರೂಪಾಯಿ. ಕಾರಿನ ನಿಜವಾದ ರೋಗ ಇದ್ದದ್ದು ಒಂದು ರಬ್ಬರ್ ಪೈಪಿನಲ್ಲಿ. ಅದಕ್ಕೆ ಆದ ಖರ್ಚು 1,600.

ಕಾರು 2010ರ ಮಾಡೆಲ್, ಡೀಸೆಲ್. ಕಂಪನಿಯ ಹೆಸರು ಬೇಡ, ತಪ್ಪು ಕಂಪನಿಯದ್ದಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಸಣ್ಣ ಕಾರುಗಳಲ್ಲಿ ಡೀಸೆಲ್ ಸಿಗುವುದೇ ಅಪರೂಪ. ಹಾಗಾಗಿ ನಮ್ಮಂಥವರು ಹಳತನ್ನೇ ಓಡಿಸುತ್ತಿದ್ದೇವೆ. ಈ ಪತ್ರಿಕೆಯ ಓದುಗರಲ್ಲಿ ಇಂಥ ಕಾರು, ಜೀಪು ಇರುವವರು ತುಂಬ ಜನ ಇರಬಹುದು. ಅವರಿಗಾಗಿ ಇದು.

ತೋಟದಿಂದ ಡಾಮರು ರಸ್ತೆಗೆ ಬರುವ ಚಡಾವಿನಲ್ಲಿ ಮೊದಲು ಗೊತ್ತಾಯಿತು. ಎರಡನೇ ಗೇರಿನಲ್ಲಿ ಸಲೀಸಾಗಿ ಏರುತ್ತಿದ್ದ ಕಾರು ಒಂದನೇ ಗೇರು ಕೇಳತೊಡಗಿತು. ಎಕ್ಸಿಲರೇಟರ್ ತುಳಿದರೆ, ಹೋಗುವುದೋ ಬೇಡವೋ ಅಂತ ಯೋಚಿಸಿದ ಹಾಗೆ ಒಂದು ಗಳಿಗೆ ತಡೆದು ಆಮೇಲೆ ಹೊರಡುತ್ತದೆ. ಹಿಂದಿನಿಂದ ಕಪ್ಪು ಹೊಗೆ. ಒಂದು ದಿನ ಮಡಿಕೇರಿಗೆ ಹೋಗುವಾಗ ಸಂಪಾಜೆ ಘಾಟಿಯಲ್ಲಿ ಕಲ್ಲಿನ ಲಾರಿಯನ್ನು ಹಿಂದೆ ಹಾಕಲಿಕ್ಕಾಗದೆ ಮೇಲಿನವರೆಗೂ ಅದರ ಬೆನ್ನಿಗೇ ಹೋದೆ. ಅಷ್ಟರಲ್ಲಿ ಮೀಟರಿನಲ್ಲಿ ಎಂಜಿನ್ ಲೈಟ್ ಕೂಡ ಹೊತ್ತಿಕೊಂಡಿತು.

ಪೇಟೆಯ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಪಿ 0299 ಅಂತ ಒಂದು ಕೋಡ್ ಬಂತು. ಹುಡುಗ ಬಾನೆಟ್ಟಿನ ಒಳಗೆ ಸರಿಯಾಗಿ ಬಗ್ಗಿಯೂ ನೋಡಲಿಲ್ಲ. "ಟರ್ಬೊ ಹೋಗಿದೆ ಸರ್."

ಇಲ್ಲಿಯೇ ನಾನು ಎಡವಿದ್ದು. ಆ ಕೋಡಿನ ಅರ್ಥ ಟರ್ಬೊ ಹೋಗಿದೆ ಅಂತ ಅಲ್ಲ. ಎಂಜಿನ್ನಿಗೆ ಬರಬೇಕಾದಷ್ಟು ಗಾಳಿಯ ಒತ್ತಡ ಬರುತ್ತಿಲ್ಲ ಅಂತ ಮಾತ್ರ. ಥರ್ಮಾಮೀಟರ್ ಜ್ವರ ಉಂಟು ಅನ್ನುತ್ತದೆ, ಮಲೇರಿಯವೋ ಟೈಫಾಯ್ಡೋ ಅನ್ನುವುದಿಲ್ಲ.

ಟರ್ಬೊ ಅಂದರೆ ಗಾಳಿಯ ಪಂಪು. ಎಂಜಿನ್ನಿನಿಂದ ಹೊರಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸಣ್ಣ ಕಾರುಗಳಲ್ಲಿ ಇದು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತಲೂ ಹೆಚ್ಚು ತಿರುಗುತ್ತದೆ. ಒತ್ತಿದ ಗಾಳಿ ಬಿಸಿಯಾಗುವ ಕಾರಣ ಅದನ್ನು ಇಂಟರ್‌ಕೂಲರ್ ಎಂಬ ರೇಡಿಯೇಟರಿನ ಹಾಗಿನ ಪೆಟ್ಟಿಗೆಯಲ್ಲಿ ತಣಿಸಿ ಎಂಜಿನ್ನಿಗೆ ಬಿಡುತ್ತಾರೆ. ಈ ದಾರಿಯಲ್ಲಿ ಮೂರೋ ನಾಲ್ಕೋ ರಬ್ಬರ್ ಪೈಪು, ಎರಡೂ ತುದಿಗೆ ಕ್ಲಿಪ್ಪು.

ತೋಟದ ಕೊನೆಯ ಸ್ಪ್ರಿಂಕ್ಲರ್ ತಿರುಗದಿದ್ದರೆ ನಾವು ಪಂಪು ಬದಲಿಸುತ್ತೇವಾ? ಮೊದಲು ಫುಟ್‌ವಾಲ್ವಿನಲ್ಲಿ ಕಸ ಉಂಟಾ ನೋಡುತ್ತೇವೆ. ಲೈನಿನ ಗುಂಟ ನಡೆದು ಎಲ್ಲಿ ಪೈಪು ಒಡೆದಿದೆ, ಎಲ್ಲಿ ಗೇಟ್‌ವಾಲ್ವ್ ಅರ್ಧ ತೆರೆದಿದೆ ನೋಡುತ್ತೇವೆ. ಪಂಪು ಬಿಚ್ಚುವುದು ಕೊನೆಗೆ. ಇಷ್ಟು ಬುದ್ಧಿ ಇರುವ ನಾವು ಗ್ಯಾರೇಜಿನ ಬಾಗಿಲಿನಲ್ಲಿ ಅದನ್ನು ಬಿಟ್ಟು ಒಳಗೆ ಹೋಗುತ್ತೇವೆ.

ತಮಾಷೆ ಅಂದರೆ, ಟರ್ಬೊ ಬದಲಿಸಿದ ಮೇಲೆ ಕಾರು ಸರಿಯಾಯಿತು! ಮೂರು ವಾರ ಚೆನ್ನಾಗಿ ಓಡಿತು. ಆಮೇಲೆ ಮತ್ತೆ ಅದೇ ತಡೆ, ಅದೇ ಹೊಗೆ. "ಡೀಸೆಲ್ ಪಂಪು ನೋಡಬೇಕಾದೀತು" ಅಂದರು. ನನಗೆ ಧೈರ್ಯ ಸಾಲಲಿಲ್ಲ, ದುಡ್ಡೂ ಇರಲಿಲ್ಲ. ನಮ್ಮೂರ ಕ್ರಾಸಿನಲ್ಲಿ ಜೀಪು ರಿಪೇರಿ ಮಾಡುವ ಹಳೇ ಮೆಕ್ಯಾನಿಕ್ ಒಬ್ಬರಿದ್ದಾರೆ. ಅಲ್ಲಿಗೆ ಒಯ್ದೆ.

ಅವರು ಕೇಳಿದ ಮೊದಲ ಪ್ರಶ್ನೆ, "ಹೊಗೆ ಯಾವ ಬಣ್ಣ ಮಾರಾಯ್ರೇ?" ಕಪ್ಪು ಅಂದೆ. ಕಪ್ಪು ಹೊಗೆ ಅಂದರೆ ಡೀಸೆಲ್ ಬರುತ್ತಾ ಉಂಟು, ಗಾಳಿ ಸಾಲುತ್ತಿಲ್ಲ. ಹೊಗೆಯೇ ಇಲ್ಲದೆ ಎಳೆತ ಇಲ್ಲದಿದ್ದರೆ ಮೊದಲು ಡೀಸೆಲ್ ಫಿಲ್ಟರ್ ನೋಡಬೇಕಂತೆ. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಆಗ ಟರ್ಬೊದ ಮೇಲೆಯೂ ಸಂಶಯ ಪಡಬಹುದು. (ಕೆಲವು ಕಾರುಗಳಲ್ಲಿ ಗಾಳಿ ಕಡಿಮೆಯಾದರೆ ಕಂಪ್ಯೂಟರೇ ಡೀಸೆಲ್ ಕಡಿಮೆ ಮಾಡುತ್ತದೆ, ಹೊಗೆ ಅಷ್ಟು ಕಾಣುವುದಿಲ್ಲ. ಹಾಗಾಗಿ ಬಣ್ಣವೊಂದನ್ನೇ ನೆಚ್ಚಬೇಡಿ.)

ಏರ್ ಫಿಲ್ಟರ್ ಪೆಟ್ಟಿಗೆ ಬಿಚ್ಚಿದರು. ಒಳಗೆ ಇಲಿಯ ಗೂಡು! ಅಡಿಕೆ ಸಿಪ್ಪೆಯ ನಾರು, ಗೋಣಿಯ ಚೂರು. ನನಗೆ ನಾಚಿಕೆಯಾಯಿತು. ಪೇಟೆಯ ಗ್ಯಾರೇಜಿನವರು ಇದನ್ನು ತೆರೆದೇ ಇರಲಿಲ್ಲ, ನಾನೂ ತೆರೆದಿರಲಿಲ್ಲ. ಫಿಲ್ಟರ್ ಬದಲಿಸಿ ಓಡಿಸಿದೆವು. ಸ್ವಲ್ಪ ವಾಸಿ, ಪೂರ್ತಿ ಅಲ್ಲ.

ಆಮೇಲೆ ಪೈಪುಗಳು. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಂಡವು. ಟರ್ಬೊದ ಬಾಯಿಗೆ ಒಂದು ಮುಚ್ಚಳ ಹಾಕಿ, ಅದಕ್ಕೆ ಟ್ಯೂಬಿನ ವಾಲ್ವ್ ಕೂರಿಸಿ, ಎಂಜಿನ್ ನಿಲ್ಲಿಸಿಯೇ ಕಂಪ್ರೆಸರಿನಿಂದ ನಿಧಾನಕ್ಕೆ 10–12 ಪೌಂಡಿನಷ್ಟು ಗಾಳಿ ಬಿಟ್ಟರು. ಅದಕ್ಕಿಂತ ಹೆಚ್ಚು ಬಿಡಬಾರದು, ಮುಚ್ಚಳದ ಎದುರು ಮುಖ ಇಟ್ಟು ನಿಲ್ಲಲೂಬಾರದು. ಪೈಪುಗಳಿಗೆಲ್ಲ ಸೋಪಿನ ನೀರು ಸವರಿದರು. ಇಂಟರ್‌ಕೂಲರಿಗೆ ಹೋಗುವ ಪೈಪಿನ ಅಡಿಭಾಗದಲ್ಲಿ, ಕ್ಲಿಪ್ಪಿನ ಹತ್ತಿರ, ಬುಸಬುಸ ನೊರೆ ಬಂತು. ಬೆರಳುದ್ದದ ಸೀಳು. ಒತ್ತಡ ಇಲ್ಲದಾಗ ಅದು ತುಟಿ ಮುಚ್ಚಿದ ಹಾಗೆ ಕೂಡಿಕೊಳ್ಳುತ್ತದೆ, ಚಡಾವಿನಲ್ಲಿ ತುಳಿದಾಗ ಬಾಯಿ ಬಿಡುತ್ತದೆ. ಆಯಿಲ್ ಪಸೆ ತಾಗಿ ತಾಗಿ ರಬ್ಬರ್ ಮೆತ್ತಗಾಗಿತ್ತು. ಟರ್ಬೊ ಬದಲಿಸುವಾಗ ಅದೇ ಪೈಪನ್ನು ಸ್ವಲ್ಪ ತಿರುಗಿಸಿ ಕ್ಲಿಪ್ಪು ಬಿಗಿ ಮಾಡಿದ್ದರಿಂದ ಸೀಳು ಮೂರು ವಾರ ಮುಚ್ಚಿತ್ತು. ನಾವು ಅದನ್ನು ಹೊಸ ಟರ್ಬೊದ ಮಹಿಮೆ ಅಂದುಕೊಂಡದ್ದು.

ಪೈಪು ಸರಿ ಇದ್ದರೆ ಮುಂದೆ ಎಂತ ನೋಡುವುದು ಅಂತಲೂ ಕೇಳಿಕೊಂಡೆ. ಟರ್ಬೊವನ್ನು ವ್ಯಾಕ್ಯೂಮಿನಿಂದ ನಿಯಂತ್ರಿಸುವ ಕಾರುಗಳಲ್ಲಿ ಪೆನ್ಸಿಲಿಗಿಂತ ಸಪೂರದ ರಬ್ಬರ್ ನಳಿಗೆಗಳಿರುತ್ತವೆ. ಬಿಸಿಗೆ ಒಣಗಿ ಅವು ಬಿರಿಯುತ್ತವೆ. ಅದು ಬಿರಿದರೆ ಟರ್ಬೊ ಇದ್ದೂ ಇಲ್ಲದ ಹಾಗೆ. ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪು ಸಿಕ್ಕಿಸಿದರೆ ಟರ್ಬೊದ ಪಕ್ಕದ ಸಣ್ಣ ಸರಳು ಚಲಿಸಿ ಹಾಗೆಯೇ ನಿಲ್ಲಬೇಕು. ಇನ್ನೊಂದು, ಇಜಿಆರ್ ವಾಲ್ವ್. ಮಸಿ ಕಟ್ಟಿ ಅದು ತೆರೆದೇ ಉಳಿದರೆ ಎಂಜಿನ್ನಿಗೆ ಹೊಸ ಗಾಳಿಯ ಬದಲು ಹೊಗೆಯೇ ಹೋಗುತ್ತದೆ. ಒತ್ತಡ ಅಳೆಯುವ ಸೆನ್ಸರಿಗೂ ಮಸಿ ಹಿಡಿಯುತ್ತದೆ. ಅದನ್ನು ನೋಡುವುದು ಸುಲಭ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಹಾಕಿದಾಗ ಸ್ಕ್ಯಾನರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ನಮ್ಮ ಕರಾವಳಿಯಲ್ಲಿ ಸುಮಾರು 100 ಕಿಲೊಪಾಸ್ಕಲ್, ಮಡಿಕೇರಿಯ ಎತ್ತರದಲ್ಲಿ 88ರ ಆಸುಪಾಸು. ತೀರ ಬೇರೆ ಲೆಕ್ಕ ತೋರಿಸಿದರೆ ಸೆನ್ಸರೇ ಸುಳ್ಳು ಹೇಳುತ್ತಿದೆ.

ಇಷ್ಟೂ ಆದ ಮೇಲೆ ಟರ್ಬೊ. ಗಾಳಿಯ ಪೈಪು ಬಿಚ್ಚಿ, ತಣ್ಣಗಿರುವಾಗ, ಶಾಫ್ಟನ್ನು ಬೆರಳಿನಿಂದ ಆಡಿಸಿ. ಪಕ್ಕಕ್ಕೆ ಸ್ವಲ್ಪ ಆಡಿದರೆ ಹೆದರಬೇಡಿ, ಅದು ಆಯಿಲಿನಲ್ಲಿ ತೇಲುವ ಬೇರಿಂಗು. ಹಿಂದೆ ಮುಂದೆ ಕೈಗೆ ಗೊತ್ತಾಗುವಷ್ಟು ಆಡಿದರೆ, ಅಥವಾ ಚಕ್ರದ ಎಲೆ ಗೋಡೆಗೆ ಉಜ್ಜಿದ ಗುರುತು ಇದ್ದರೆ ಟರ್ಬೊ ಹೋದ ಹಾಗೆಯೇ. ಆಗಲೂ ಆಯಿಲ್ ಬರುವ ಪೈಪು ಕಟ್ಟಿದೆಯಾ ನೋಡದೆ ಹೊಸತು ಹಾಕಿದರೆ ಹೊಸತೂ ಹೋಗುತ್ತದೆ.

ನನ್ನ ಹಳೆಯ ಟರ್ಬೊವನ್ನು ಕೇಳಿ ತಂದಿದ್ದೆ, ಗೋಣಿಯಲ್ಲಿ ಸುತ್ತಿ. ಮೆಕ್ಯಾನಿಕ್ ಅದನ್ನು ತಿರುಗಿಸಿ ನೋಡಿ ನಕ್ಕರು. ಬದಲಿಸಿದ ಸಾಮಾನು ನಮ್ಮದು. ಕೇಳಿ ತರಲಿಕ್ಕೆ ದಾಕ್ಷಿಣ್ಯ ಯಾಕೆ?

ಆದರೆ ಗ್ಯಾರೇಜಿನವರನ್ನು ಮಾತ್ರ ಬೈದು ಮುಗಿಸಿದರೆ ನ್ಯಾಯ ಆಗಲಿಕ್ಕಿಲ್ಲ. ಆ ದಿನ ಈ ಮೆಕ್ಯಾನಿಕ್ ನಾಲ್ಕು ಗಂಟೆ ಹುಡುಕಿದ್ದರು. ಪೈಪಿನ ಬೆಲೆ ಬಿಟ್ಟು 800 ರೂಪಾಯಿ ಮಜೂರಿ ಹೇಳಿದರು. "ಒಂದು ಪೈಪಿಗೆ ಇಷ್ಟಾ?" ಅಂತ ನನ್ನ ಬಾಯಲ್ಲೇ ಬಂತು! 27 ಸಾವಿರಕ್ಕೆ ಚೌಕಾಸಿ ಮಾಡದವನು ನಾನೇ. ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಸಾಮಾನು ಹಾಕಿದರೆ ಕೊಡ್ತೀರಿ, ಹುಡುಕಿದರೆ ಕೊಡುವುದಿಲ್ಲ. ಮತ್ತೆ ನಾವು ಹುಡುಕುವುದು ಯಾಕೆ?"

ಹುಡುಕಾಟಕ್ಕೆ ಸಂಬಳ ಇಲ್ಲದ ಕಡೆ ಯಾರೂ ಹುಡುಕುವುದಿಲ್ಲ. ಈಗ ನಾನು ಗ್ಯಾರೇಜಿಗೆ ಹೋದರೆ ಮೊದಲೇ ಹೇಳುತ್ತೇನೆ, "ಪತ್ತೆ ಮಾಡಿದ್ದಕ್ಕೆ ಬೇರೆ ದುಡ್ಡು ಕೊಡುತ್ತೇನೆ, ನನಗೆ ತೋರಿಸದೆ ಏನನ್ನೂ ಬದಲಿಸಬೇಡಿ." ಹೀಗೆ ಹೇಳಿದಲ್ಲಿ ಇದುವರೆಗೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಒಬ್ಬರಂತೂ ಕುರ್ಚಿ ಹಾಕಿ ಪಕ್ಕದಲ್ಲೇ ಕೂರಿಸಿ ಎಲ್ಲ ತೋರಿಸಿದರು.

ಇಲಿಯ ಸಮಸ್ಯೆ ಮಾತ್ರ ಮುಗಿದಿಲ್ಲ. ಗಾಳಿ ಎಳೆಯುವ ಬಾಯಿಗೆ ಸಣ್ಣ ಕಣ್ಣಿನ ತಂತಿ ಬಲೆ ಕಟ್ಟೋಣ ಅಂದರೆ, ಅದರಲ್ಲಿ ಕಸ ಕೂತು ಗಾಳಿಗೇ ತಡೆ ಆದೀತು ಅಂತ ಮೆಕ್ಯಾನಿಕ್ ಬೇಡ ಅಂದರು. ಸದ್ಯಕ್ಕೆ ಕಾರನ್ನು ಅಡಿಕೆ ಸುಲಿಯುವ ಚಾವಡಿಯಿಂದ ದೂರ ನಿಲ್ಲಿಸುತ್ತೇನೆ, ತಿಂಗಳಿಗೊಮ್ಮೆ ಫಿಲ್ಟರ್ ಪೆಟ್ಟಿಗೆ ತೆರೆಯುತ್ತೇನೆ. ಬೇರೆ ಉಪಾಯ ಕಂಡುಕೊಂಡವರು ಬರೆದರೆ ಉಪಕಾರ.